ತ್ರಿಶಲಾ ಆರಿಸಿದ ಬಣ್ಣ

“ಆಕಾಶ ಬಣ್ಣ ಅಂದ್ರ ಆಕಾಶ ಬಣ್ಣ. ಮುಗೀತ ಮಾತು!” ಎಂದು ಅಪ್ಪ ಡೈನಿಂಗ್ ಟೇಬಲ್ ಮೇಲೆ ಬೆರಳಿನಿಂದ ಕುಟ್ಟಿದ.

“ಮುಗೀಲಿಲ್ಲ. ಅದನ್ನ ಹಚ್ಚಿದ್ರ ಮನಿ ಹೋಗಿ ದವಾಖಾನಿ ಆಗತೈತಿ. ಗುಲಾಬಿ ಇರಲಿರಿ,” ಎಂದಳು ಅವ್ವ.

“ಗುಲಾಬಿ ಬ್ಯಾಡ! ಕೆಂಪ ಹಚ್ಚಸೂಣು,” ಎಂದು ಎಂಟನೇ ಇಯತ್ತೆ ಓದುತ್ತಿದ್ದ ಅಣ್ಣ ಮಹಾವೀರ ನಡುವೆ ಬಾಯಿ ಹಾಕಿದ.

“ಕೆಂಪ ಹಚ್ಚಿದ್ರ ಮಿರಜ ಬಸ್ಸಿನ್ಯಾಗ ಕುಂತ ಉಂಡಂಗ ಆಗತೈತಿ ನೋಡ,” ಎಂದು ಅವ್ವ ನಕ್ಕಳು. ಅಪ್ಪ ನಗಲಿಲ್ಲ.

ಟೇಬಲ್ ನಡುವೆ ಅಂಗಡಿಯಿಂದ ತಂದ ಶೇಡ್ ಕಾರ್ಡ್ ಬಿಚ್ಚಿಕೊಂಡು ಬಿದ್ದಿತ್ತು. ಅದರ ತುಂಬ ಪೋಸ್ಟಿನ ತಿಕೀಟಿನಷ್ಟು ಸಣ್ಣ ಸಣ್ಣ ಬಣ್ಣದ ಚೌಕಗಳು. ಪೇಂಟರ್ ಲಗಮಣ್ಣ ಬಾಗಿಲಿಗೆ ಒರಗಿ ನಿಂತಿದ್ದ. ಯಾರು ಯಾವ ಚೌಕದ ಮೇಲೆ ಬೆರಳಿಟ್ಟರೂ ಅವನು “ಬೆಸ್ಟ್ ಕಲರ್ ರೀ” ಎನ್ನುತ್ತಿದ್ದ.

ಕಾಗವಾಡದ ಆ ಓಣಿಯಲ್ಲಿ ಡೈನಿಂಗ್ ರೂಮ್ ಇದ್ದ ಮನೆ ಇದೊಂದೇ. ಮೊದಲು ಅಲ್ಲಿ ಜೋಳದ ಚೀಲ ಒಟ್ಟುತ್ತಿದ್ದರು. ದ್ರಾಕ್ಷಿ ತೋಟದ ದಾದಾಸಾಹೇಬ ಎಂದರೆ ಊರಿಗೆಲ್ಲ ಗೊತ್ತು. ಅವನೇ ತ್ರಿಶಲಾಳ ಅಪ್ಪ. ಒಮ್ಮೆ ಸಾಂಗಲಿಯ ಗೆಳೆಯನ ಮನೆಯಲ್ಲಿ ಟೇಬಲ್ ಮೇಲೆ ಊಟ ಮಾಡಿ ಬಂದಿದ್ದ. ಅಂದಿನಿಂದ ಅವನ ತಲೆಯಲ್ಲಿ ಅದೇ ಗುಂಗು. ಜೋಳದ ಚೀಲಗಳು ಹಿಂದಿನ ಶೆಡ್ಡಿಗೆ ಹೋದವು. ದೀಪಾವಳಿಗೆ ಇಚಲಕರಂಜಿಯಿಂದ ಸನ್‌ಮೈಕಾ ಹಾಕಿದ ಟೇಬಲ್ಲು, ಆರು ಕುರ್ಚಿಗಳು ಬಂದವು. ಸುಣ್ಣ ಬಳಿದ ಹಳೇ ಗೋಡೆಗಳ ನಡುವೆಯೇ ಎರಡು ವಾರ ಊಟ ನಡೆದಿತ್ತು. ಇನ್ನು ಬಣ್ಣವೊಂದೇ ಬಾಕಿ.

“ಹಿಂಗಽ ಜಗಳಾಡಿದ್ರ ಸಂಕ್ರಮಣ ಬಂದ್ರೂ ತೀರಂಗಿಲ್ಲ,” ಎಂದ ಅಪ್ಪ. ಆಮೇಲೆ ಸುತ್ತ ನೋಡಿ, “ತ್ರಿಶಾ, ನೀ ಹೇಳ. ನೀ ಹೇಳಿದ್ದ ಫೈನಲ್,” ಎಂದ.

ತ್ರಿಶಲಾ ಬೆಚ್ಚಿಬಿದ್ದಳು. ಅವಳು ಐದನೇ ಇಯತ್ತೆ. ಮನೆಯಲ್ಲಿ ಎಲ್ಲರಿಗಿಂತ ಸಣ್ಣವಳು. ಇವತ್ತಿನ ಪಲ್ಯ ಏನು ಎಂದು ಕೂಡ ಅವಳನ್ನು ಯಾರೂ ಕೇಳಿದ್ದಿಲ್ಲ.

“ಖರೇನಽ ಅಪ್ಪಾ?”

“ಖರೇನಽ.”

ಅವಳು ಶೇಡ್ ಕಾರ್ಡಿನ ಮೇಲೆ ಬಗ್ಗಿದಳು. ಕೆಳಗಿನ ಸಾಲಿನಲ್ಲಿ ಒಂದು ದಟ್ಟ ಹಸಿರು ಇತ್ತು. ಮಳೆ ನಿಂತ ಮೇಲೆ ದ್ರಾಕ್ಷಿ ಎಲೆ ಮಿಂಚುತ್ತದಲ್ಲ, ಹಾಗೆ ಮಿಂಚುತ್ತಿತ್ತು. ಅವಳು ಅದರ ಮೇಲೆ ಬೆರಳಿಟ್ಟಳು.

“ನೋಡ, ನಮ್ಮ ತೋಟಾನಽ ಮನಿಯೊಳಗ ತಂದಳು!” ಎಂದು ಅಪ್ಪ ಅವಳ ಬೆನ್ನು ತಟ್ಟಿದ.

“ಬೆಸ್ಟ್ ಕಲರ್ ರೀ,” ಎಂದ ಲಗಮಣ್ಣ.

ಅಡಿಗೆಮನೆಯ ಹೊಸ್ತಿಲ ಹತ್ತಿರ ಕೂತು ಹೆಸರುಕಾಳು ಆರಿಸುತ್ತಿದ್ದ ಆಯಿ ಮುಗುಳ್ನಕ್ಕಳು. ಆಯಿ ಎಂದರೆ ಅಪ್ಪನ ಅವ್ವ, ಕಮಲಾಬಾಯಿ. “ನನ್ನ ಮೊಮ್ಮಗಳ ಬಣ್ಣ,” ಎಂದು ತನ್ನಷ್ಟಕ್ಕೆ ಅಂದುಕೊಂಡು ಮತ್ತೆ ಕಾಳು ಆರಿಸತೊಡಗಿದಳು.

ಲಗಮಣ್ಣ ಬಣ್ಣ ಹಚ್ಚಿ ಮುಗಿಸಿದ ದಿನ ತ್ರಿಶಲಾ ಶಾಲೆಯಿಂದ ಓಡುತ್ತ ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು. ಕಾರ್ಡಿನಲ್ಲಿ ಮಿಂಚುತ್ತಿದ್ದ ಹಸಿರು ಗೋಡೆಯ ಮೇಲೆ ಯಾಕೋ ಮಿಂಚುತ್ತಿರಲಿಲ್ಲ. ಬಾವಿಯೊಳಗೆ ಇಣುಕಿದ ಹಾಗೆ ಕಾಣುತ್ತಿತ್ತು. ಆದರೆ ಅಪ್ಪ ದಾರಿಯಲ್ಲಿ ಹೋಗುವವರನ್ನೆಲ್ಲ ಒಳಗೆ ಕರೆಯುತ್ತಿದ್ದ.

“ಬರ್ರಿ, ಡೈನಿಂಗ್ ರೂಮ್ ನೋಡ ಬರ್ರಿ. ನಮ್ಮ ಹುಡುಗಿ ಸೆಲೆಕ್ಷನ್!”

ಬಂದವರು, “ಭಾರಿ ಆಗೈತ್ರಿ ಸಾವ್ಕಾರ್ರ,” ಎನ್ನುತ್ತಿದ್ದರು. ತ್ರಿಶಲಾ ಕೂಡ ಶಾಲೆಯಲ್ಲಿ ಎಲ್ಲ ಗೆಳತಿಯರಿಗೂ ಹೇಳಿಕೊಂಡು ಬಂದಳು.

ಅವರದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ರಾತ್ರಿಯ ಊಟ ಮುಗಿಯಬೇಕು. ಶಾಲೆ ಬಿಟ್ಟ ಕೂಡಲೇ ಮಕ್ಕಳು ಓಡಿ ಬರಬೇಕು. ಅಪ್ಪ ತೋಟದಿಂದ ರಾಜದೂತ್ ಗಾಡಿ ಹತ್ತಿ ಬರಬೇಕು. ಕೈಕಾಲು ತೊಳೆದುಕೊಂಡು ಎಲ್ಲರೂ ಕೂಡಿಯೇ ಕೂರಬೇಕು. “ಕೂಡಿ ಉಣ್ಣಾಕಽ ಟೇಬಲ್ ತಂದದ್ದು,” ಎನ್ನುತ್ತಿದ್ದ ಅಪ್ಪ. ಅದಕ್ಕೇ ಆಯಿ ಕೂಡ ಎಲ್ಲರೂ ಬರುವವರೆಗೆ ಕಾಯುತ್ತಿದ್ದಳು.

ಬಣ್ಣದ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಒಂದು ಸಂಜೆ ಅವ್ವ ಬಿಸಿ ಜೋಳದ ಭಕ್ಕರಿ ಹಿಡಿದು ಬಂದಾಗ ಆಯಿ ತಾಟಿನ ಮೇಲೆ ಕೈ ಅಡ್ಡ ಇಟ್ಟಳು.

“ಸಾಕ ಮಂಗಲ.”

“ಯಾಕ್ರಿ ಅತ್ತಿ? ಒಂದಽ ಭಕ್ಕರಿ ಆತಲ್ಲ?”

“ಹಸಿವಿಲ್ಲವಾ ಇವತ್ತ.”

ಆಯಿ ತಾಟಿಗೆ ಚೂರು ನೀರು ಹಾಕಿ ತೊಳೆದು ಕುಡಿದು ಎದ್ದಳು. ಉಳಿದವರೆಲ್ಲ ಇನ್ನೂ ಉಣ್ಣುತ್ತಿದ್ದರು.

ಮರುದಿನವೂ ಹಾಗೆಯೇ ಆಯಿತು. ಆಮೇಲಾಮೇಲೆ ಒಂದು ಭಕ್ಕರಿ ಹೋಗಿ ಅರ್ಧಕ್ಕೆ ಬಂತು. ಆಯಿಯ ಕೈಯ ಬೆಳ್ಳಿ ಕಡಗ ಮೊಣಕೈವರೆಗೆ ಜಾರತೊಡಗಿತು. ಡಾಕ್ಟರು ಬಂದು ನೋಡಿ, ಬಿ.ಪಿ. ಸರಿ ಇದೆ ಎಂದು ಹೇಳಿ, ಕೆಂಪು ಟಾನಿಕ್ ಬರೆದುಕೊಟ್ಟು ಹೋದರು. ಟಾನಿಕ್ ಬಾಟಲಿ ಖಾಲಿಯಾಯಿತು. ಆದರೂ ಸಂಜೆಯ ಊಟ ಮಾತ್ರ ಹಾಗೇ ಉಳಿಯಿತು.

ಅಡಿಗೆಮನೆಯಲ್ಲಿ ಅವ್ವ ಮೆಲುದನಿಯಲ್ಲಿ ಅಪ್ಪನಿಗೆ ಹೇಳುವುದು ತ್ರಿಶಲಾಗೆ ಕೇಳಿಸಿತು. “ಅತ್ತಿಗೆ ನನ್ನ ಕೈ ಅಡಿಗಿ ಸೇರವಲ್ದು ಕಾಣತೈತಿ.”

“ಅಡಿಗಿ ಅಲ್ಲ. ಅವ್ವಗ ಕುರ್ಚಿ ಮ್ಯಾಲ ಕುಂತ ಉಣ್ಣೂದು ಸೇರವಲ್ದು. ನಾ ಆಸೆಪಟ್ಟ ಮಾಡಿದ್ದು, ಬಾಯಿಬಿಟ್ಟ ಹೇಳಬಾರದೇನ?” ಎಂದು ಅಪ್ಪ ಸಿಡುಕಿದ.

“ನೀವಽ ಕೇಳ್ರಿ ಹಂಗಾರ.”

“ನೀ ಕೇಳ. ದಿನಾ ಜೋಡಿಗೆ ಇರಾಕಿ ನೀ.”

ಇಬ್ಬರೂ ಕೇಳಲಿಲ್ಲ. ಮನೆಯಲ್ಲಿ ಮಾತು ಕಡಿಮೆಯಾಯಿತು. ಟೇಬಲ್ ಸುತ್ತ ಕೂತಾಗ ತಾಟಿನ ಸಪ್ಪಳವೇ ದೊಡ್ಡದಾಗಿ ಕೇಳತೊಡಗಿತು.

ಒಂದು ದಿನ ತ್ರಿಶಲಾ ಹಾಲು ತರಲು ಎದುರಮನೆಗೆ ಹೋಗಿದ್ದಳು. ಒಳಗೆ ಚಂಪಾಬಾಯಿ ಕಾಕು ಯಾರ ಜೊತೆಗೋ ಮಾತಾಡುತ್ತಿದ್ದಳು. “ಕಮಲಾಬಾಯಿ ಊಟಾ ಕಡಿಮಿ ಮಾಡಾಕತ್ತಾರಂತ. ನಮ್ಮ ಅತ್ತೀನೂ ಹಿಂಗಽ ಶುರು ಮಾಡಿದ್ರು. ಮೊದಲ ಒಂದ ಭಕ್ಕರಿ ಬಿಟ್ರು, ಆಮ್ಯಾಲ ಅರ್ಧ, ಆಮ್ಯಾಲ ಬರೇ ಹಾಲು, ಆಮ್ಯಾಲ ಬರೇ ನೀರು. ಪುಣ್ಯವಂತಿ.”

ತ್ರಿಶಲಾಳ ಕೈಯಲ್ಲಿದ್ದ ತಂಬಿಗೆ ತಣ್ಣಗಾದ ಹಾಗೆ ಅನಿಸಿತು.

ಅವಳಿಗೆ ಗೊತ್ತಿತ್ತು. ಬಹಳ ವಯಸ್ಸಾದವರು ಇನ್ನು ಈ ಜೀವ ಸಾಕು ಎಂದು, ಗುರುಗಳ ಕಡೆ ಸಲ್ಲೇಖನ ವ್ರತ ತೆಗೆದುಕೊಳ್ಳುತ್ತಾರೆ. ಮೆಲ್ಲಗೆ ಒಂದೊಂದೇ ಬಿಡುತ್ತ ಹೋಗುತ್ತಾರೆ. ದೊಡ್ಡವರು ಆ ಮಾತು ಬಂದರೆ ಕೈ ಮುಗಿಯುತ್ತಾರೆ. ಎರಡು ವರ್ಷದ ಹಿಂದೆ ಚಂಪಾಬಾಯಿ ಕಾಕುವಿನ ಅತ್ತೆ ಹೋದಾಗ ಓಣಿಗೆ ಓಣಿಯೇ ಹೂವು ಹಿಡಿದು ನಿಂತಿತ್ತು. ತ್ರಿಶಲಾ ಕೂಡ ಒಂದು ಹೂವು ಹಾಕಿದ್ದಳು. ಆಗ ಅವಳಿಗೆ ಏನೂ ಅನಿಸಿರಲಿಲ್ಲ. ಅವರು ಬೇರೆಯವರ ಆಯಿ.

ಅಂದಿನಿಂದ ಮನೆಯಲ್ಲಿರುವಷ್ಟು ಹೊತ್ತು ಅವಳು ಆಯಿಯನ್ನು ಬಿಟ್ಟು ಅಲುಗಾಡಲಿಲ್ಲ.

ಮುಂಜಾನೆ ಆಯಿ ತಿನ್ನುವುದನ್ನು ಬಾಗಿಲ ಸಂದಿಯಿಂದ ನೋಡಿದಳು. ಭಕ್ಕರಿ, ಶೇಂಗಾ ಚಟ್ನಿ, ಮೊಸರು ಎಲ್ಲವನ್ನೂ ಆಯಿ ಚೆನ್ನಾಗಿಯೇ ತಿಂದಳು. ಮಧ್ಯಾಹ್ನದ ಊಟದ ಬಗ್ಗೆ ತ್ರಿಶಲಾ ಅವ್ವನನ್ನು ಕೇಳಿದಳು. “ಮಧ್ಯಾಹ್ನ ಬರೋಬ್ಬರಿ ಉಣ್ಣತಾರ. ಸಂಜೀ ಆದ ಕೂಡಲೇ ಏನ ಆಗತೈತೋ ದೇವರಿಗೇ ಗೊತ್ತು,” ಎಂದಳು ಅವ್ವ.

ರವಿವಾರ ಬಂತು. ಅಂದು ಶಾಲೆ ಇಲ್ಲ. ತೋಟದಲ್ಲಿ ಔಷಧ ಹೊಡೆಯುವ ಕೆಲಸವೂ ಇರಲಿಲ್ಲವಾದ್ದರಿಂದ ಅಪ್ಪ ಮನೆಯಲ್ಲೇ ಇದ್ದ. ಬಿಸಿಲು ಇನ್ನೂ ಅಂಗಳದಲ್ಲಿ ಇರುವಾಗಲೇ ಎಲ್ಲರೂ ಊಟಕ್ಕೆ ಕೂತರು.

ಆಯಿ ಎರಡು ಭಕ್ಕರಿ ತಿಂದಳು! ಮೇಲೆ ಕಡಲೆಹಿಟ್ಟಿನ ಝುಣಕ ಹಾಕಿಸಿಕೊಂಡಳು. “ಛಲೋ ಆಗೈತಿ ಮಂಗಲ,” ಎಂದಳು. ಅವ್ವನ ಮುಖ ಅರಳಿತು. ತ್ರಿಶಲಾಗಂತೂ ಎದ್ದು ಕುಣಿಯಬೇಕು ಅನಿಸಿತು.

ಸೋಮವಾರ ಸಂಜೆ ಮತ್ತೆ ಅದೇ ಕತೆ. ಗಾಡಿಯ ಟ್ಯೂಬ್ ಪಂಕ್ಚರ್ ಆಗಿ ಅಪ್ಪ ತಡವಾಗಿ ಬಂದ. ತ್ರಿಶಲಾ ಬೇಕೆಂದೇ ಆಯಿಯ ಪಕ್ಕದ ಕುರ್ಚಿಗೆ ಕೂತಿದ್ದಳು. ಆಯಿ ಅವಸರವಾಗಿ ಉಣ್ಣುತ್ತಿದ್ದಳು. ನಡುವೆ ಎಡಗೈಯನ್ನು ಮಡಿಲಲ್ಲಿ ಬಿಚ್ಚಿ, ತಲೆ ಬಗ್ಗಿಸಿ ನೋಡಿದಳು. ಎರಡು ತುತ್ತು ತಿಂದಳು. ಮತ್ತೆ ನೋಡಿದಳು. ಆಮೇಲೆ ಮುಷ್ಟಿ ಮುಚ್ಚಿ, “ಸಾಕ ಮಂಗಲ,” ಎಂದಳು.

ಊಟವಾದ ಮೇಲೆ ಆಯಿ ಹಿತ್ತಲ ಕಟ್ಟೆಯ ಮೇಲೆ ಜಪಮಾಲೆ ಹಿಡಿದು ಕೂತಿದ್ದಳು. ತ್ರಿಶಲಾ ಕೈ ತೊಳೆದುಕೊಂಡು ಅವಳ ಹತ್ತಿರ ಹೋದಳು.

“ಆಯಿ, ಉಣ್ಣೂ ಮುಂದ ಕೈ ಯಾಕ ನೋಡ್ಕೋತಿ?”

ಆಯಿ ನಕ್ಕಳು. “ನೋಡಿಬಿಟ್ಟೇನ ನೀ? ನಮ್ಮಪ್ಪ ಕಲಿಸಿದ್ದ ಅದು. ಆವಾಗ ನಮ್ಮ ಮನ್ಯಾಗ ಗಡಿಯಾರ ಇದ್ದಿದ್ದಿಲ್ಲ. ಅಂಗೈಯಾಗಿನ ಗೆರಿ ಕಾಣತಾವ ಅಂದ್ರ ಬೆಳಕ ಐತಿ, ಉಣ್ಣಬೇಕು. ಗೆರಿ ಕಾಣವಲ್ಲವು ಅಂದ್ರ ತಾಟಿನ್ಯಾಗ ಬಿದ್ದ ಹುಳಾನೂ ಕಾಣಂಗಿಲ್ಲ. ಆವಾಗ ಬಿಡಬೇಕು.”

“ಬಲ್ಬ್ ಇರತೈತಲ್ಲ ಆಯಿ?”

“ಬಲ್ಬ್ ಹಚ್ಚಿದ್ರ ಹೊತ್ತ ಮುಳುಗೂದು ನಿಲ್ಲತೈತೇನ?”

ತ್ರಿಶಲಾ ತನ್ನ ಅಂಗೈ ಬಿಚ್ಚಿ ಕಣ್ಣಿನ ಹತ್ತಿರ ತಂದಳು. ಗೆರೆಗಳು ಕಂಡವು. ಸಣ್ಣ ಸಣ್ಣವು ಕೂಡ ಕಂಡವು.

“ಆಯಿ, ಇಲ್ಲಿ ಕಾಣಾಕತ್ತಾವು! ನಿನ್ನ ಕೈ ತೋರಸು.” ಆಯಿಯ ಕೈಯಲ್ಲಿ ಗೆರೆಗಳು ಇನ್ನೂ ಆಳವಾಗಿದ್ದವು. “ನೋಡ, ನಿನ್ನವೂ ಕಾಣತಾವು! ಇನ್ನೂ ಹೊತ್ತ ಐತಿ. ನೀ ಯಾಕ ಎದ್ದಿ?”

ಆಯಿ ಕೈ ಹಿಂದೆ ಎಳೆದುಕೊಂಡಳು. “ಹೊರಗ ಬೆಳಕ ಜಾಸ್ತಿ ಇರತೈತಿ ವಾ. ಥಂಡಿ ದಿನಾ, ಲಗೂನ ಕತ್ತಲಾಗತೈತಿ. ತಾಟ ತೊಳದ ಎದ್ದ ಮ್ಯಾಲ ಮತ್ತ ಕೂಡಬಾರದು. ನೀ ಹೋಗ, ಅಭ್ಯಾಸ ಮಾಡ ಹೋಗ.”

ತ್ರಿಶಲಾ ಅಭ್ಯಾಸಕ್ಕೆ ಹೋಗಲಿಲ್ಲ. ಓಡಿ ಡೈನಿಂಗ್ ರೂಮಿಗೆ ಹೋದಳು. ಊಟವಾದ ಮೇಲೆ ಹಚ್ಚಿದ್ದ ಬಲ್ಬ್ ಆರಿಸಿ ಆಯಿಯ ಕುರ್ಚಿಯ ಮೇಲೆ ಕೂತು ಅಂಗೈ ಬಿಚ್ಚಿದಳು. ಗೆರೆ ಇಲ್ಲ. ಕೈ ಮಾತ್ರ ಮಸುಕಾಗಿ ಕಾಣುತ್ತಿತ್ತು. ಎದ್ದು ಅಡಿಗೆಮನೆಗೆ ಹೋದಳು. ಅಲ್ಲಿ ಸುಣ್ಣದ ಗೋಡೆ. ಗೆರೆಗಳು ಕಂಡವು. ಮತ್ತೆ ಈ ಕಡೆ ಬಂದಳು. ಇಲ್ಲ.

ಕಿಟಕಿ ಅದೇ, ಟೇಬಲ್ ಅದೇ. ದೀಪಾವಳಿ ಆದ ಮೇಲೆ ಇದೇ ಕುರ್ಚಿಯಲ್ಲಿ ಕೂತು ಆಯಿ ದಿನಾ ಎರಡು ಭಕ್ಕರಿ ಉಂಡಿದ್ದಳು. ಆಗ ಇದ್ದದ್ದು ಬಿಳಿ ಗೋಡೆ. ಈಗ ನಾಲ್ಕೂ ಕಡೆ ಹಸಿರು. ಕಿಟಕಿಯಿಂದ ಬಂದಷ್ಟು ಬೆಳಕನ್ನು ಆ ಹಸಿರು ಕುಡಿದು ಸುಮ್ಮನೆ ನಿಂತಿತ್ತು.

ಈ ಬಣ್ಣ ಆರಿಸಿದ್ದು ಅವ್ವ ಅಲ್ಲ, ಅಪ್ಪ ಅಲ್ಲ.

ಅಂದೇ ಅವಳು ಮಹಾವೀರನಿಗೆ ಹೇಳಿದಳು. ಅವನು ಮೊದಲು ನಂಬಲಿಲ್ಲ. ಆಮೇಲೆ ತಾನೂ ಹೋಗಿ ಕೈ ನೋಡಿಕೊಂಡು ಬಂದ.

“ಹೌದಲೇ. ಆದ್ರ ಈಗ ಅಪ್ಪಗ ಹೇಳಬ್ಯಾಡ.”

“ಯಾಕ?”

“ಬರೂ ರವಿವಾರ ಅಪ್ಪನ ಗೆಳ್ಯಾ ಸಾಂಗಲಿ ಕಾಕಾ ರೂಮ್ ನೋಡಾಕ ಬರಾಕತ್ತಾನ. ಅಪ್ಪ ಎಷ್ಟ ಖುಷಿಯಾಗ್ಯಾನ ನೋಡಿಲ್ಲೇನ? ಈಗ ಹೋಗಿ ಬಣ್ಣ ಬರೋಬ್ಬರಿ ಇಲ್ಲ ಅಂದ್ರ ಸಿಟ್ಟಿಗೇಳತಾನ. ಅದೂ ನೀನಽ ಆರಿಸಿದ್ದು.”

ಮುಂಜಾನೆ ಅಪ್ಪ ಗಾಡಿ ಒರೆಸುತ್ತಿದ್ದಾಗ ತ್ರಿಶಲಾ ಹತ್ತಿರ ಹೋಗಿ ನಿಂತಳು. “ಅಪ್ಪಾ...” ಎಂದಳು.

“ಏನ ತ್ರಿಶಾ? ಸಾಂಗಲಿ ಕಾಕಾಗ ನೀನಽ ರೂಮ್ ತೋರಸಬೇಕ ಮತ್ತ. ಸೆಲೆಕ್ಷನ್ ಯಾರದು?” ಎಂದು ಅಪ್ಪ ಕಣ್ಣು ಮಿಟುಕಿಸಿದ.

“ಏನಿಲ್ಲ,” ಎಂದು ಅವಳು ಪಾಟಿಚೀಲ ಹೆಗಲಿಗೆ ಹಾಕಿಕೊಂಡಳು.

ಶಾಲೆಯಲ್ಲಿ ಜ್ಞಾನದೇವ ಗುರುಗಳು ಗಣಿತ ಹೇಳುತ್ತಿದ್ದರು. “ತ್ರಿಶಲಾ, ಎದ್ದ ನಿಲ್ಲ. ಈಗ ನಾ ಏನ ಹೇಳಿದೆ?” ಅವಳು ಎದ್ದು ನಿಂತಳು. ಕರಿ ಹಲಗೆಯ ಮೇಲೆ ಏನು ಬರೆದಿತ್ತೋ, ಅವಳಿಗೆ ಕಂಡದ್ದು ಆಯಿಯ ಜಾರುವ ಕಡಗ ಮಾತ್ರ. “ಗೊತ್ತಿಲ್ಲರಿ ಗುರುಗಳ,” ಎಂದಳು. ಹುಡುಗರು ಕಿಸಕ್ಕನೆ ನಕ್ಕರು. ಗುರುಗಳು ಅವಳ ಮುಖ ನೋಡಿ, “ಆರಾಮ ಇಲ್ಲೇನವಾ? ಕೂಡ್ರ,” ಎಂದರು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಅವಳಿಗೆ.

ರವಿವಾರ ಕಳೆಯಲಿ, ಆಮೇಲೆ ಹೇಳಿದರಾಯಿತು ಎಂದು ಅವಳು ಮನಸ್ಸಿನಲ್ಲೇ ನಿರ್ಧಾರ ಮಾಡಿಕೊಂಡಳು. ಆದರೆ ಆ ಸಂಜೆ ಮೋಡ ಕವಿದಿತ್ತು. ಊಟಕ್ಕೆ ಕೂತಾಗಲೇ ರೂಮಿನಲ್ಲಿ ಮಬ್ಬು. ಅವ್ವ ಬಡಿಸಿದ ಮೊದಲ ಭಕ್ಕರಿಯನ್ನು ಆಯಿ ಮುರಿದಳು. ಒಂದು ತುತ್ತು ಬಾಯಿಗಿಟ್ಟಳು. ಎಡಗೈ ಮಡಿಲಲ್ಲಿ ಬಿಚ್ಚಿಕೊಂಡಿತು. ಆಯಿ ಕಣ್ಣು ಕಿರಿದು ಮಾಡಿ ನೋಡಿದಳು. ತಾಟಿನಲ್ಲಿ ಭಕ್ಕರಿ ಹೆಚ್ಚುಕಡಿಮೆ ಹಾಗೇ ಇತ್ತು.

ಆಯಿ ನೀರಿನ ತಂಬಿಗೆಗೆ ಕೈ ಹಾಕುವುದರೊಳಗೆ ತ್ರಿಶಲಾ ಎದ್ದಳು. ಏನು ಮಾಡುತ್ತಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ಆಯಿಯ ತಾಟನ್ನು ಎರಡೂ ಕೈಯಿಂದ ಎತ್ತಿಕೊಂಡಳು.

“ಆಯಿ, ಹೊರಗ ನಡಿ! ಲಗೂ ನಡಿ!”

“ಏ ತ್ರಿಶಾ!” ಅಪ್ಪ ಗದರಿಸಿದ. “ಊಟಾ ಮಾಡೂ ಮುಂದ ತಾಟ ಕಸಗೋತಾರೇನ? ಇಡ ಕೆಳಗ!”

ತಾಟು ಓರೆಯಾಯಿತು. ವಾಟಿಯಲ್ಲಿದ್ದ ಸಾರು ಚೆಲ್ಲಿ ಅವಳ ಫ್ರಾಕಿನ ಮೇಲೆ ಬಿತ್ತು. ಆದರೂ ಅವಳು ಇಡಲಿಲ್ಲ.

“ಇಲ್ಲಿ ಆಯಿಗೆ ಗೆರಿ ಕಾಣವಲ್ಲವು ಅಪ್ಪಾ! ಅಂಗೈಯಾಗಿನ ಗೆರಿ! ಅದಕ್ಕಽ ಆಕಿ ಏಳತಾಳ. ಹೊರಗ ಕಾಣತಾವ. ಅಡಿಗಿಮನ್ಯಾಗೂ ಕಾಣತಾವ. ನಾ ಆರಿಸಿದ ಬಣ್ಣದಾಗ ಕಾಣಂಗಿಲ್ಲ...” ಅಷ್ಟರಲ್ಲಿ ಅಳು ಬಂದುಬಿಟ್ಟಿತು. “ಆಯಿ ಊಟಾ ಬಿಟ್ಟ ಬಿಟ್ಟ ಸತ್ತ ಹೋಗತಾಳ ಅಪ್ಪಾ!”

ಅಪ್ಪ ಆಯಿಯ ಕಡೆ ನೋಡಿದ. ಆಯಿ ಟೇಬಲ್ ಕಡೆ ನೋಡುತ್ತಿದ್ದಳು.

“ಹೌದೇನವ್ವಾ?”

“ಬಿಡೋ ದಾದೂ. ಥಂಡಿ ದಿನಾ. ಸಂಕ್ರಮಣ ಆದ್ರ ಮತ್ತ ದಿನಾ ದೊಡ್ಡವು ಆಗತಾವು.”

ಅಪ್ಪ ತನ್ನ ಅಂಗೈ ಬಿಚ್ಚಿ ನೋಡಿಕೊಂಡ. ಕಿಟಕಿಯ ಹತ್ತಿರ ಹೋಗಿ ನೋಡಿಕೊಂಡ. ಹಿತ್ತಲ ಬಾಗಿಲು ತೆಗೆದು ಹೊರಗೆ ಹೋದ. ಸ್ವಲ್ಪ ಹೊತ್ತು ಬರಲೇ ಇಲ್ಲ. ತ್ರಿಶಲಾ ತಾಟು ಹಿಡಿದುಕೊಂಡೇ ನಿಂತಿದ್ದಳು. ಈಗ ಬೈಯುತ್ತಾನೆ, ಈಗ ಬೈಯುತ್ತಾನೆ ಎಂದು ಕಾಯುತ್ತಿದ್ದಳು.

ಹೊರಗಿನಿಂದ ಅಪ್ಪನ ದನಿ ಕೇಳಿತು. “ಅವ್ವಾ, ಹೊರಗ ಬಾ. ಇನ್ನೂ ಬೆಳಕ ಐತಿ. ಲಗೂ ಬಾ.”

ಆಯಿ ಕಟ್ಟೆಯ ಮೇಲೆ ಕೂತು ಉಂಡಳು. ಅವ್ವ ಭಕ್ಕರಿ ಬುಟ್ಟಿಯನ್ನೇ ಹೊತ್ತು ತಂದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, “ನನ್ನ ಅಡಿಗಿ ಸೇರವಲ್ದು ಅಂತ ತಿಳಿದಿದ್ನಿರಿ ಅತ್ತಿ,” ಎಂದಳು.

“ಹುಚ್ಚಿ,” ಎಂದು ಆಯಿ ಎರಡನೇ ಭಕ್ಕರಿಗೆ ಕೈ ಚಾಚಿದಳು. ಮಹಾವೀರ ಒಳಗೇ ಕೂತು ತನ್ನ ತಾಟು ಮುಗಿಸಿದ ಮೇಲೆ ಬಂದ. ಹಸಿವೆಯ ಮುಂದೆ ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ.

“ಇಷ್ಟ ದಿನಾ ಯಾಕ ಹೇಳಲಿಲ್ಲ ಅವ್ವಾ?” ಎಂದು ಅಪ್ಪ ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

“ಏನಂತ ಹೇಳಲೋ? ನೀ ಬಂದೋರಿಗೆಲ್ಲಾ ತೋರಸಾಕತ್ತಿದ್ದಿ. ಈ ಕೂಸ ಅಂತೂ ನೆಲದ ಮ್ಯಾಲ ಕಾಲ ಇಡತಿರಲಿಲ್ಲ. ಒಂದ ಭಕ್ಕರಿ ಕಡಿಮಿ ಆದ್ರ ಏನ ಆಗತೈತಿ ಅಂತ ಸುಮ್ಮನಾದೆ.”

ತ್ರಿಶಲಾ ಆಯಿಯ ತೊಡೆಗೆ ಒತ್ತಿ ಕೂತಳು. “ನೀ ಚಂಪಾಬಾಯಿ ಕಾಕುನ ಅತ್ತಿ ಗತೆ ಊಟಾ ಬಿಡಾಕತ್ತಿ ಅಂತ ನಾ ತಿಳಿದಿದ್ದೆ.”

ಆಯಿಯ ತುತ್ತು ಕೈಯಲ್ಲೇ ನಿಂತಿತು. ಅವಳು ತ್ರಿಶಲಾಳ ತಲೆ ನೇವರಿಸಿದಳು. “ಅಯ್ಯ ನನ್ನ ಮಗಳ... ಇಷ್ಟೆಲ್ಲಾ ತಲ್ಯಾಗ ಇಟಗೊಂಡ ಸಾಲಿಗೆ ಹೋಗತಿದ್ದೇನ? ಆ ವ್ರತ ಯಾರಿಗೂ ಹೇಳದ ಕೇಳದ ಮಾಡೂದಲ್ಲ ವಾ. ಮತ್ತ ನಂಗ ಈಗಽ ಎಲ್ಲಿ ಅವಸರ ಐತಿ? ನೀ ಎಸ್ಸೆಸ್ಸೆಲ್ಸಿ ಪಾಸ್ ಆಗೂದ ನಾ ನೋಡಬೇಕು.”

“ನಾ ಫೇಲ್ ಆದ್ರ?”

“ಹಂಗಾರ ಇನ್ನೂ ಒಂದ ವರ್ಷ ಇರತೀನಿ.”

ಆ ಸಂಜೆ ಅಪ್ಪ ಮೊದಲ ಸಲ ನಕ್ಕ.

ರವಿವಾರ ಸಾಂಗಲಿ ಕಾಕಾ ಬಂದಾಗ ಡೈನಿಂಗ್ ರೂಮಿನ ತುಂಬ ಬಣ್ಣದ ಡಬ್ಬಿ, ಏಣಿ, ಹಳೇ ಪೇಪರು. ಅವರು ಅಡಿಗೆಮನೆಯಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕೂತು ಉಂಡರು. ಝು‍ಣಕ ಎರಡು ಸಲ ಕೇಳಿ ಹಾಕಿಸಿಕೊಂಡರು. ರೂಮಿನ ಬಗ್ಗೆ ಅಪ್ಪ, “ಕೆಲಸ ನಡದೈತಿ,” ಎಂದಷ್ಟೇ ಹೇಳಿದ.

ಹಸಿರು ಮುಚ್ಚಲು ಲಗಮಣ್ಣ ಮೇಲಿಂದ ಮೇಲೆ ಬಿಳಿ ಹಚ್ಚಬೇಕಾಯಿತು. ಹಸಿರು ಮತ್ತೆ ಮತ್ತೆ ಇಣುಕುತ್ತಿತ್ತು. ಕೊನೆಗೆ ಅದು ಪೂರ್ತಿ ಮುಚ್ಚಿದಾಗ ಅಪ್ಪ, “ಈ ಸಲ ಕಾರ್ಡ್ ಬ್ಯಾಡ. ಗ್ವಾಡಿ ಮ್ಯಾಲ ಹಚ್ಚಿ ತೋರಸ. ನಾವು ಉಣ್ಣೂ ಹೊತ್ತಿಗೆ ನೋಡತೀವಿ,” ಎಂದ.

ಸಂಜೆ ಎಲ್ಲರೂ ಬಂದು ನಿಂತರು. ಬಿಳಿ ಗೋಡೆಯ ಮೇಲೆ ಲಗಮಣ್ಣ ಕೈಯಗಲದ ಮೂರು ಪಟ್ಟಿ ಎಳೆದಿದ್ದ. ಒಂದು ಕೆನೆ ಬಣ್ಣ, ಒಂದು ತಿಳಿ ಗುಲಾಬಿ, ಒಂದು ತಿಳಿ ಹಳದಿ. ತ್ರಿಶಲಾಗೆ ಗುಲಾಬಿ ಬಹಳ ಹಿಡಿಸಿತು. ಅದು ನಾಲಿಗೆಯ ತುದಿಗೇ ಬಂದಿತ್ತು.

“ಹೇಳ ತ್ರಿಶಾ,” ಎಂದ ಅಪ್ಪ. “ಅಂಜಬ್ಯಾಡ, ಹೇಳ.”

ತ್ರಿಶಲಾ ಗುಲಾಬಿಯನ್ನು ಮತ್ತೊಮ್ಮೆ ನೋಡಿದಳು. ಆಮೇಲೆ, “ಆಯಿ ಹೇಳಲಿ,” ಎಂದಳು.

“ಅವ್ವನ್ನ ಏನ ಕೇಳತಿ? ಆಕಿ ಬಿಳಿ ಇದ್ದಂಗಽ ಇರಲಿ ಅಂತಾಳ,” ಎಂದ ಅಪ್ಪ. “ಹೌದಲ್ಲವ್ವಾ? ಬೆಳಕೂ ಛಲೋ ಬರತೈತಿ.”

ಆಯಿ ಗೋಡೆಯ ಹತ್ತಿರ ಹೋದಳು. ಒಂದೊಂದು ಪಟ್ಟಿಯ ಮುಂದೆಯೂ ನಿಂತಳು. ಅಪ್ಪ ಏನೋ ಹೇಳಲು ಬಾಯಿ ತೆರೆದಾಗ ತ್ರಿಶಲಾ ಅವನ ಅಂಗಿ ಹಿಡಿದು ಎಳೆದಳು. “ತಡಿ ಅಪ್ಪಾ. ಆಯಿ ನೋಡಾಕತ್ತಾಳ.”

ಆಯಿ ಹಳದಿಯ ಮುಂದೆ ಬಂದು ನಿಂತವಳು ಮುಂದೆ ಹೋಗಲಿಲ್ಲ. “ಇದು ಛಂದ ಐತಿ,” ಎಂದಳು. ಅಷ್ಟು ಮೆಲ್ಲಗೆ ಎಂದಳು ಎಂದರೆ ಲಗಮಣ್ಣನಿಗೆ ಕೇಳಿಸಲೇ ಇಲ್ಲ.

“ಹಳದಿ?” ಅಪ್ಪನಿಗೆ ಆಶ್ಚರ್ಯವಾಯಿತು. “ನೀ ಬಿಳೀನಽ ಅಂತಿ ಅಂತ ತಿಳಿದಿದ್ದೆ ನಾ.”

“ಬಿಳಿ ನನ್ನ ಮೈಮ್ಯಾಲ ಐತಲ್ಲೋ,” ಎಂದಳು ಆಯಿ. “ನಿಮ್ಮಪ್ಪ ಹೋದಾಗಿಂದ ಅದನ್ನಽ ನೋಡಾಕತ್ತೀನಿ.”

ಅಪ್ಪ ತಲೆ ತಗ್ಗಿಸಿದ.

ತ್ರಿಶಲಾ ಆಯಿಯ ಸೀರೆ ನೋಡಿದಳು. ಅವಳು ಹುಟ್ಟಿದಾಗಿನಿಂದ ನೋಡುತ್ತಿದ್ದ ಸೀರೆ ಅದು. ಹಳೆಯದು ಹರಿದರೆ ಹೊಸದು ಬರುತ್ತಿತ್ತು. ಅದೂ ಬಿಳಿಯದೇ. ಆಯಿಗೆ ಬಿಳಿ ಎಂದರೆ ಇಷ್ಟ, ಅದಕ್ಕೇ ಉಡುತ್ತಾಳೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳು.

ಅವಳು ಮೆಲ್ಲಗೆ ಹೋಗಿ ಆಯಿಯ ಪಕ್ಕ ನಿಂತಳು. ಕಿಟಕಿಯ ಬೆಳಕು ಹಳದಿ ಪಟ್ಟಿಯ ಮೇಲೆ ಬಿದ್ದಿತ್ತು.

“ಲಗಮಣ್ಣ ಕಾಕಾ,” ಎಂದಳು, “ಇದನ್ನಽ ಹಚ್ಚು. ನಾಕೂ ಗ್ವಾಡಿಗೆ.”